ಅವ್ವನ ತಂಗಿ, ನಮ್ಮ ಮಾಮಾ

ಮೊನ್ನೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟ ಬಸ್ಸಿನಲ್ಲಿ, ಮಳೆಗೆ ನೆನೆದ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿದ. ಒದ್ದೆ ಉಣ್ಣೆಯ ಘಾಟು ಬಸ್ಸಿನ ತುಂಬ ಹರಡಿತು. ಎದುರಿನ ಸೀಟಿನ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು, ಯಾರೋ ಕಿಟಕಿ ತೆರೆದರು. ನಾನು ಮಾತ್ರ ಸರಿದು ಕೂತು, "ಬರ್ರಿ ಮುತ್ಯಾ, ಇಲ್ಲೇ ಕೂಡ್ರಿ" ಅಂದೆ. ಆತನಿಗೆ ಆಶ್ಚರ್ಯವಾಗಿರಬೇಕು. ಕುರಿ, ಹೊಗೆ, ತಂಬಾಕು, ಮಳೆ ಎಲ್ಲ ಕೂಡಿದ ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು ನಾನು ಚಪಳಗಾಂವದ ಮಣ್ಣಿನ ಮನೆಗೆ ಹೋಗಿಬಿಟ್ಟಿದ್ದೆ. ಅದು ಅವ್ವನ ತವರುಮನೆ. ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮೂರು ವಾಗದರಿಯಿಂದ ನಾನೂ ಸುರೇಖಾ ಅಕ್ಕನೂ ಅಲ್ಲಿಗೆ ಓಡುತ್ತಿದ್ದೆವು. ಬಾಗಿಲಲ್ಲೇ ನಮ್ಮಿಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಿದ್ದವನು ಕಾಶಿ ಮಾಮಾ.

ಕಾಶಿ ಮಾಮಾ ಅವ್ವನ ತಮ್ಮನಲ್ಲ, ತಂಗಿ. ಹುಟ್ಟಿದಾಗ ಇಟ್ಟ ಹೆಸರು ಕಾಶೀಬಾಯಿ. ಆದರೆ ನನಗೆ ನೆನಪಿರುವುದೆಲ್ಲ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಬಿಳಿ ನೆಹರೂ ಶರ್ಟು, ಹಣೆಗೆ ಬೀರೋಬಾ ದೇವರ ಭಂಡಾರದ ಅರಿಶಿನ, ತಲೆಗೆ ಟೊಪ್ಪಿಗೆ. ಊರು ಅವನು ಅನ್ನುತ್ತಿತ್ತು, ನಾವೂ ಅಂದೆವು, ಈಗ ನನಗೆ ಬೇರೆ ಥರ ಬರೆಯಲು ಬರುವುದೂ ಇಲ್ಲ. ಅವ್ವನ ಅಪ್ಪ, ನಮ್ಮ ಮುತ್ಯಾನಿಗೆ ಇಬ್ಬರೂ ಹೆಣ್ಣುಮಕ್ಕಳು, ಗಂಡುಮಗನ ಆಸೆಗೆ ಹೀಗೆ ಬೆಳೆಸಿದ ಎಂದು ಹೊರಗಿನವರು ಲೆಕ್ಕ ಹಾಕುತ್ತಿದ್ದರು. ಅವ್ವನಿಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಹುಡುಗಿಯಾಗಿದ್ದಾಗಲೇ ಕಾಶಿ ಒಂದು ಬೆಳಿಗ್ಗೆ ಮುತ್ಯಾನ ಹಳೆಯ ಧೋತರ ಉಟ್ಟುಕೊಂಡು ಹೊಲಕ್ಕೆ ಹೋಗಿದ್ದನಂತೆ. ಸಂಜೆ ಬಂದಾಗ ಆಯಿ, ನಮ್ಮ ಅಜ್ಜಿ, ಅತ್ತು ಕರೆದಳಂತೆ. ಮುತ್ಯಾ ಮಾತ್ರ ಎಲೆಯಡಿಕೆ ಅಗಿಯುತ್ತ ಕೂತಿದ್ದವನು, "ಹಿಂಗ ಇರಾವ್ನ ಏನು ಇನ್ನ?" ಎಂದು ಕೇಳಿದ. "ಹೂಂ." "ಆತು. ನಾಳಿ ಕುರಿ ನೀನ ಬಿಡು." ಅಷ್ಟಕ್ಕೇ ಮುಗಿಯಿತು. "ಅಪ್ಪನ ಸಲುವಾಗಿ ಅಲ್ಲವ್ವ, ತನ್ನ ಸಲುವಾಗಿ ಉಟ್ಟಾನ" ಎಂದು ಅವ್ವ ಈ ಕಥೆಯನ್ನು ಪ್ರತಿ ಸಲ ಅದೇ ಮಾತಿನಿಂದ ಮುಗಿಸುತ್ತಿದ್ದಳು.

ಪ್ರತಿಯೊಬ್ಬರ ಮನೆಯಲ್ಲೂ ಇಂಥ ಒಬ್ಬ ಮಾಮಾ ಇರುತ್ತಾನೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಕುರಿ ಈಯುವಾಗ ಅಡ್ಡ ಸಿಕ್ಕ ಮರಿಯನ್ನು ಕೈ ಹಾಕಿ ಸಲೀಸಾಗಿ ತಿರುಗಿಸಿ ತೆಗೆಯುತ್ತಿದ್ದ ಮಾಮಾ, ಅದೇ ಕೈಯನ್ನು ಬೂದಿ ಹಚ್ಚಿ ತೊಳೆದುಕೊಂಡು ಬಂದು ನಮ್ಮ ಜಡೆ ಹೆಣೆಯುತ್ತಿದ್ದ. ಹಗ್ಗ ಹೊಸೆದಷ್ಟು ಬಿಗಿ. ಹುಬ್ಬು ಮೇಲಕ್ಕೆ ಹೋಗಿ ಎರಡು ದಿನ ಕೆಳಗಿಳಿಯುತ್ತಿರಲಿಲ್ಲ. ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಒಮ್ಮೆ ನಮ್ಮನ್ನು ಸೊಲ್ಲಾಪುರ ತೋರಿಸಲು ಕರೆದುಕೊಂಡು ಹೊರಟಾಗ ಬಸ್ಸಿನ ಕಂಡಕ್ಟರ್, "ಕಾಕಾ, ಉಠಾ, ಲೇಡೀಜ ಸೀಟ ಆಹೆ" ಅಂದ. ಮಾಮಾ ಥಟ್ಟನೆ ಎದ್ದು ನಿಂತ. ಸೊಲ್ಲಾಪುರ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದ, ಮುಖದ ತುಂಬ ನಗು. ಇಳಿದ ಮೇಲೆ ನಾನು, "ಕಾಲು ನೋಯಲಿಲ್ಲೇನ ಮಾಮಾ?" ಎಂದು ಕೇಳಿದೆ. "ನೋಯ್ದ್ರ ನೋಯ್ಲಿ ಬಿಡು. ಆಂವ ನನಗ ಕಾಕಾ ಅಂದ, ಕೇಳಿದಿಲ್ಲೊ?" ಎಂದು ಹೇಳಿ ನಮಗೆ ಕಬ್ಬಿನ ಹಾಲು ಕುಡಿಸಿದ, ತಾನೂ ಎರಡು ಗ್ಲಾಸು ಕುಡಿದ.

ಸುರೇಖಾ ಅಕ್ಕನ ಮದುವೆ ಗೊತ್ತಾದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತಂದು, ಅಕ್ಷತೆ ಬೀಳುವ ತನಕ ಅವಳ ಬೆನ್ನ ಹಿಂದೆ ನಿಲ್ಲುವವನು ಸೋದರಮಾವ. ಬೀಗರು ಅವನ ತಲೆಗೆ ಫೇಟಾ ಸುತ್ತಿ ಮಾನ ಮಾಡುತ್ತಾರೆ. ಮಾಮಾ ಅದಕ್ಕಾಗಿಯೇ ಸೊಲ್ಲಾಪುರದಲ್ಲಿ ಹೊಸ ನೆಹರೂ ಶರ್ಟು ಹೊಲಿಸಿದ್ದ. ಮದುವೆಗೆ ವಾರವಿರುವಾಗ ಅಕ್ಕನ ಮಾವ ಆಗಬೇಕಾದವರು ಸೊಲ್ಲಾಪುರದಿಂದ ಬಂದರು. ಒಳ್ಳೆಯ ಮನುಷ್ಯರೇ, ಜನ ಏನಂದಾರೆಂಬ ಹೆದರಿಕೆ ಸ್ವಲ್ಪ ಜಾಸ್ತಿ. ಚಹಾದ ಬಸಿ ಕೆಳಗಿಟ್ಟು, "ಸಿಟ್ಟ ಮಾಡ್ಕೋಬ್ಯಾಡ್ರಿ. ಹೆಣ್ಣಮಗಳು ಮಾಮಾನ ಜಾಗಾಕ್ಕ ನಿಂತ್ರ ನಮ್ಮ ನೆಂಟರು ಪಾವಣೇರು ಹತ್ತ ಮಾತ ಆಡ್ತಾರ. ಬ್ಯಾರೆ ಯಾರರೆ ಇದ್ರ ನೋಡ್ರಿ" ಅಂದರು. ಅಪ್ಪ ತಲೆ ತಗ್ಗಿಸಿ ಒಪ್ಪಿಕೊಂಡರು. ಅವ್ವನ ಕಾಕಾನ ಮಗ ಸಂಗಪ್ಪ ನಿಲ್ಲುವುದೆಂದಾಯಿತು. ಮಾಮಾ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. "ಆತ ತಗೋರಿ, ಹುಡುಗಿ ಮದವಿ ಚಂದ ಆಗ್ಲಿ" ಎಂದು ಎದ್ದು ಹೋದ. ಹೊಸ ಶರ್ಟನ್ನು ಅವನು ಮಡಚಿ ಟ್ರಂಕಿನಲ್ಲಿ ಇಟ್ಟದ್ದನ್ನು ನೋಡಿ ನನಗೆ ಅಳು ಬಂತು. ಅಕ್ಕ ಎರಡು ದಿನ ಅಪ್ಪನೊಂದಿಗೆ ಮಾತಾಡಲಿಲ್ಲ.

ಮದುವೆಯ ದಿನ ಮಾಮಾ ಹಳೆಯ ಶರ್ಟಿನಲ್ಲೇ ಬಂದು ಸೀದಾ ಅಡುಗೆಯ ಹಂದರಕ್ಕೆ ನಡೆದ. ಗೋದಿ ಹುಗ್ಗಿಯ ಕೊಪ್ಪರಿಗೆಯ ಮುಂದೆ ನಿಂತು ಹುಟ್ಟು ತಿರುವತೊಡಗಿದ. ಇತ್ತ ಬೀಗರು ಸಂಗಪ್ಪನಿಗೆ ಕೇಸರಿ ಫೇಟಾ ಸುತ್ತಿಸಿದರು. ಗಳಿಗೆ ಹತ್ತಿರ ಬಂದಾಗ ಮೈಕಿನಲ್ಲಿ ಕೂಗಿದರು: "ನವರೀಚ್ಯಾ ಮಾಮಾಂನೀ ನವರೀಲಾ ಘೇಊನ ಯಾವಂ." ಮದುಮಗಳ ಮಾಮಾ ಅವಳನ್ನು ಕರೆದುಕೊಂಡು ಬರಲಿ ಎಂದು. ಆಗ ಆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಬೀಗರ ಮಾತು ಮನೆಯೊಳಗೆ ಉಳಿದಿತ್ತು, ಊರಿಗೆ ಯಾರೂ ಹೇಳಿರಲಿಲ್ಲ. ವಾಗದರಿಯವರು, ಚಪಳಗಾಂವದವರು, ಹಂದರದಲ್ಲಿದ್ದವರೆಲ್ಲ ಸಂಗಪ್ಪನ ಕಡೆಗೆ ಕಣ್ಣೆತ್ತಿಯೂ ನೋಡದೆ ಅಡುಗೆಯ ಕಡೆಗೆ ಕತ್ತು ತಿರುಗಿಸಿದರು. "ಕಾಶಿ ಎಲ್ಲದಾನ?" "ಅಲ್ಲಿ ಹುಗ್ಗಿ ತಿರುವಾಕತ್ತಾನ ನೋಡ್ರಿ." "ಏ ಕಾಶೀ, ಕಿವ್ಯಾಗ ಏನ ಇಟ್ಕೊಂಡಿ? ನಿನಗ ಕರ್ಯಾಕತ್ತಾರ." ನಾಲ್ಕು ಮಂದಿ ಹೋಗಿ ಅವನನ್ನು ಎಳೆದುಕೊಂಡೇ ಬಂದರು. ಮಾಮಾ ಕೈಯಲ್ಲಿ ಹುಟ್ಟು ಹಿಡಿದುಕೊಂಡೇ, "ನಾ ಅಲ್ಲರಿ, ಸಂಗಪ್ಪ ಅದಾನ" ಅನ್ನುತ್ತಿದ್ದ, ಕೇಳುವವರು ಯಾರು? ಸಂಗಪ್ಪ ಒಂದು ನಿಮಿಷ ಅತ್ತಿತ್ತ ನೋಡಿದ. ಆಮೇಲೆ ತನ್ನ ತಲೆಯ ಫೇಟಾ ಎತ್ತಿ ಮಾಮಾನ ತಲೆಗೆ ಇಟ್ಟ. "ಮಂದಿ ನನ್ನ ಮಾರಿ ಸೈತ ನೋಡವಲ್ರು. ನಾ ಹೆಂಗ ನಿಲ್ಲಲಿ? ನಡಿ ಅಣ್ಣಾ" ಅಂದ. ಸಂಗಪ್ಪನ ತಲೆ ದೊಡ್ಡದು, ಫೇಟಾ ಜಾರಿ ಮಾಮಾನ ಕಣ್ಣು ಮುಚ್ಚಿತು. ಅಕ್ಕ ಬಾಸಿಂಗ ಕಟ್ಟಿಕೊಂಡೇ ಬಾಗಿಲಿಂದ ಓಡಿಬಂದು ಅವನ ಕೈ ಹಿಡಿದಳು. ಮಾಮಾನೇ ಅವಳನ್ನು ಕರೆತಂದನೋ, ಅವಳೇ ಮಾಮಾನನ್ನು ಕರೆತಂದಳೋ ಹೇಳುವುದು ಕಷ್ಟ.

ಬೀಗರ ಮುಖ ಸಪ್ಪಗಾಗಿತ್ತು, ಯಾರು ಏನು ಕೇಳುತ್ತಾರೋ ಎಂದು ಸುತ್ತ ನೋಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಅವರ ಪಾವಣೇರಿಗೆ ಅಲ್ಲಿ ಕಂಡದ್ದು ಒಬ್ಬ ಮಾಮಾ, ಅಷ್ಟೇ. ಊಟಕ್ಕೆ ಕೂತಾಗ ಸೊಲ್ಲಾಪುರದ ಹಿರಿಯರೊಬ್ಬರು, "ಮದುಮಗಳ ಮಾಮಾ ಮಸ್ತ ಅದಾನ, ಹುಗ್ಗಿ ತಾನ ಮಾಡ್ಯಾನಂತ" ಎಂದು ಬೀಗರಿಗೇ ಹೇಳಿದರು. ಬೀಗರು ಎದ್ದು ಹೋಗಿ, ಫೇಟಾವನ್ನು ಬಿಚ್ಚಿ, ಮಾಮಾನ ತಲೆಯ ಅಳತೆಗೆ ತಾವೇ ಮತ್ತೆ ಸುತ್ತಿದರು. "ಈಗ ಬರೋಬ್ಬರಿ ಕುಂತದ ನೋಡ್ರಿ ಮಾಮಾ" ಅಂದರು. ಮಾಮಾ ನಾಚಿಕೊಂಡದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಸಂಜೆ ಚಪಳಗಾಂವಕ್ಕೆ ಮರಳಿ ಕುರಿಗೆ ನೀರು ಕುಡಿಸಲು ಹೊರಟಾಗಲೂ ಅವನು ಅದನ್ನು ತೆಗೆಯಲಿಲ್ಲ.

ಆಮೇಲೆ ಮುತ್ಯಾ ಹೋದ, ಆಯಿ ಹೋದಳು. ಒಂದು ಚಳಿಗಾಲ, ಹೆಚ್ಚು ನರಳದೆ, ಮಾಮಾನೂ ಹೋದ. ಹೆಂಗಸರು ಹೆಣಕ್ಕೆ ಉಡಿಸಲು ಹಸಿರು ಸೀರೆ ತಂದಾಗ ಅವ್ವ ಅದನ್ನು ಪಕ್ಕಕ್ಕಿಟ್ಟು, ಟ್ರಂಕು ತೆಗೆದು, ಇಸ್ತ್ರಿ ಮುರಿಯದ ಆ ನೆಹರೂ ಶರ್ಟನ್ನು ತಾನೇ ತೊಡಿಸಿದಳು. ಕುರಿಗಳನ್ನು ಮಾರಿದೆವು. ಆ ಮನೆ ಈಗ ಇಲ್ಲ, ಅಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಹಾಗೆ ಬಯಲಾದದ್ದನ್ನು ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಮಾಮಾ ಹೋದ ಮರುವರ್ಷ ನನ್ನ ಮದುವೆ. ಅವ್ವ ಅಂದರೆ ಗಂಡಸರ ಗುಂಪಿನ ಮುಂದೆ ಸೆರಗು ಎಳೆದುಕೊಂಡು ಗೋಡೆಗೆ ಅಂಟಿ ನಿಲ್ಲುವವಳು, ಅಂಥ ಕಡೆ ಅವಳ ದನಿ ನಾನು ಕೇಳಿದವಳಲ್ಲ. ಅಕ್ಷತೆಯ ಹೊತ್ತಾಯಿತು. ನಾನು ಬಾಗಿಲಲ್ಲಿ ನಿಂತು, ಬಾರದವನಿಗಾಗಿ ಸಣ್ಣ ಹುಡುಗಿಯ ಹಾಗೆ ದಾರಿ ನೋಡುತ್ತಿದ್ದೆ. ಅವ್ವ ಹೆಂಗಸರ ನಡುವಿನಿಂದ ಎದ್ದು, ಹಂದರ ದಾಟಿ ಬಂದು, ನನ್ನ ಕೈ ಹಿಡಿದಳು.

"ಯಾರನ್ನ ನೋಡಾಕತ್ತಿ?" ಅಂದಳು. "ನಿಮ್ಮ ಮಾಮಾನ ಅಕ್ಕ ಅದೀನಿ. ನಡಿ."