ಐವತ್ತು ಪ್ರತಿಗಳಲ್ಲಿ ಜಾಗ ತಪ್ಪಿದ ಸಂಶಯ

ನಮ್ಮ ಬೀದಿಯ ಬೈಂಡರ್ ಕಟ್ಟಿದ ಪುಸ್ತಕ ಕಚ್ಚಿ ಹಲ್ಲು ಮುರಿದುಕೊಂಡ ಗೆದ್ದಲುಗಳಿಗೆ ಲೆಕ್ಕವಿಲ್ಲ. ಅವನ ಅಂಟಿನ ಮೇಲೆ ಕೂತ ನೊಣವೊಂದು ಏಳಲಾರದೆ ಅಲ್ಲೇ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿತು. ಇಷ್ಟಾದರೂ ನಲವತ್ತು ವರ್ಷದಲ್ಲಿ ಅವನು ಒಂದು ಪುಸ್ತಕವನ್ನೂ ಓದಿರಲಿಲ್ಲ. “ಓದೋಕೆ ನಿಂತ್ರೆ ಕೈ ನಿಲ್ಲುತ್ತೆ” ಎನ್ನುತ್ತಿದ್ದ.

ಅವನ ಹೊಟ್ಟೆಯೊಳಗೊಂದು ಗುಟ್ಟಿತ್ತು. ಎರಡು ವರ್ಷದಿಂದ ಅವನಿಗೆ ದೇವರ ಮೇಲೆ ನಂಬಿಕೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಬಾಯಿಬಿಡುವಂತಿಲ್ಲ, ಅಕ್ಕ ಪ್ರಾರ್ಥನೆಗೆ ಕೂತರೆ ಅಬ್ಬರಕ್ಕೆ ಗೋಡೆಯ ಹಲ್ಲಿಗಳೂ ಮೊಣಕಾಲೂರುತ್ತಿದ್ದವು.

ಹೀಗಿರುವಾಗ ಚರ್ಚಿನ ಪಾದ್ರಿ ಐವತ್ತು ಪ್ರತಿಗಳ ಕೆಲಸ ಕೊಟ್ಟರು. ಕ್ರೈಸ್ತ ಧರ್ಮದ ಮೊದಮೊದಲ ಕಾಲದಲ್ಲಿ ಉಪ್ಪು ಮಾರುತ್ತಿದ್ದವನೊಬ್ಬ ಸಂತನಾಗಿ, ತನ್ನ ಕಥೆ ತಾನೇ ಬರೆದುಕೊಂಡ ಪುಸ್ತಕ. ಮೊದಲು ಸಂಶಯ, ಆಮೇಲೆ ಕಣ್ಣೀರು, ಕೊನೆಗೆ ದೀಕ್ಷಾಸ್ನಾನ.

ಹದಿನಾರು ಪುಟದ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಒಂದೊಂದು ಫಾರಂನ ಐವತ್ತು ಪ್ರತಿಗಳನ್ನು ಒಂದೊಂದು ಕಂತೆಯಾಗಿ ಮೇಜಿನುದ್ದಕ್ಕೂ ಸಾಲಾಗಿ ಪೇರಿಸಿಟ್ಟು, ಪ್ರತಿ ಕಂತೆಯಿಂದ ಒಂದೊಂದೇ ಎತ್ತಿಕೊಳ್ಳುತ್ತ ಹೋದರೆ ಒಂದು ಪುಸ್ತಕ. ಮೂರನೆಯದನ್ನು ಪೇರಿಸುವಾಗ ಒಂದು ಸಾಲು ಕಣ್ಣಿಗೆ ಬಿತ್ತು: “ದೇವರೇ, ನೀನಿಲ್ಲ ಎಂದು ನಿನಗಲ್ಲದೆ ಇನ್ಯಾರಿಗೆ ಹೇಳಲಿ?” ನಿಂತ ಕಾಲಲ್ಲೇ ಹದಿನಾರೂ ಪುಟ ಓದಿದ. ಓದಿದ ಗುಂಗಿನಲ್ಲಿ ಆ ಕಂತೆಯನ್ನೇ ಒಯ್ದು ಮೇಜಿನ ಕೊನೆಗಿಟ್ಟ. ಐವತ್ತೂ ಪ್ರತಿ ಹಾಗೇ ಹೊಲಿದ.

ಪುಸ್ತಕ ಚರ್ಚಿಗೆ ಹೋದ ನಾಲ್ಕನೆಯ ದಿನ ಅಕ್ಕ ಒಂದು ಪ್ರತಿ ಹಿಡಿದು ಬಂದಳು.

“ಲೋ, ಈ ಮನುಷ್ಯ ದೀಕ್ಷಾಸ್ನಾನ ಆದ್ಮೇಲೂ ದೇವರಿದ್ದಾನಾ ಅಂತಾನಲ್ಲೋ. ನೀರು ಸಾಲ್ಲಿಲ್ವಾ?”

ಬೈಂಡರನ ಮುಖ ಖಾಲಿ ಹಾಳೆಯಾಯಿತು. ಪಾದ್ರಿಗೆ ತಪ್ಪು ಒಪ್ಪಿಸಿದರೆ ಓದಿದ್ದು ಗೊತ್ತಾಗುತ್ತದೆ. ಯಾಕೆ ಓದಿದೆ ಎಂದರೆ ಗುಟ್ಟು ರಟ್ಟು. ಚರ್ಚಿನ ಕೆಲಸವೂ ಹೋದೀತು, ಅಕ್ಕನ ಕೈಯೂಟವೂ. ಆದರೂ ಹೋದ.

“ಫಾದರ್, ಮೂರನೇ ಫಾರಂ ಕೊನೆಗೆ ಹೋಗ್ಬಿಟ್ಟಿದೆ. ಓದ್ತಾ ನಿಂತ್ಬಿಟ್ಟೆ.”

“ನೀನು ಓದಿದ್ಯಾ? ಯಾಕಪ್ಪಾ?”

“ನನ್ನ ಹೊಟ್ಟೇಲಿರೋದನ್ನೇ ಬರೆದ ಹಾಗಿತ್ತು.”

ಪಾದ್ರಿ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ ರಭಸಕ್ಕೆ ಗಾಜಿನ ನಂಬರೇ ಇಳಿದಿರಬೇಕು.

“ಅಲ್ಲಯ್ಯಾ ಪುಣ್ಯಾತ್ಮ, ಸಂತನನ್ನೇ ಕೊನೇವರೆಗೂ ಬಿಡದ ಸಂಶಯ ನನ್ನನ್ನ ಬಿಡುತ್ತಾ ಅಂತ ನಾಲ್ಕು ದಿನದಿಂದ ನೆಮ್ಮದಿಯಾಗಿದ್ದೆ. ಈಗ ಬಂದು ಬೈಂಡಿಂಗ್ ತಪ್ಪು ಅಂತೀಯಲ್ಲ.”

“ನಿಮಗೂನಾ ಫಾದರ್?”

“ಬೆಳಿಗ್ಗೆ ಹೊತ್ತು ಜಾಸ್ತಿ. ಹನ್ನೊಂದರ ಟೀ ಆದ್ಮೇಲೆ ಪರವಾಗಿಲ್ಲ.”

“ಬಿಚ್ಚಿ ಸರಿಮಾಡ್ಲಾ?”

“ಮಾಡ್ಲೇಬೇಕು. ನಮ್ಮ ಸಮಾಧಾನಕ್ಕೆ ಅವನ ಬದುಕು ತಿರುಚಬಾರದು. ನಿಧಾನಕ್ಕೆ ಮಾಡು. ನಾನೂ ಬರ್ತೀನಿ.”

ಈಗ ಪಾದ್ರಿ ದಿನಾ ಮಧ್ಯಾಹ್ನ ಅಂಗಡಿಗೆ ಬರುತ್ತಾರೆ. ದಾರ ಕತ್ತರಿಸುತ್ತಲೇ ಒಬ್ಬರು ದೇವರಿದ್ದಾನೆ ಎಂದು, ಇನ್ನೊಬ್ಬರು ಇಲ್ಲ ಎಂದು ವಾದ ಹೂಡುತ್ತಾರೆ. ಮಾರನೆಯ ದಿನ ಪಕ್ಷ ಅದಲುಬದಲು. ಒಂದು ತಿಂಗಳಲ್ಲಿ ಒಂಬತ್ತು ಪುಸ್ತಕ ಸರಿಯಾಗಿವೆ.

“ಅಕ್ಕನಿಗೆ ಹೇಳಿದ್ಯಾ?” ಎಂದು ನಾನು ಮೊನ್ನೆ ಅಂಗಡಿಯಲ್ಲಿ ಬೈಂಡರನನ್ನು ಕೇಳಿದೆ.

“ಫಾದರ್ ಮೊದಲು ಹೇಳ್ಲಿ” ಎಂದ.

ಫಾದರ್ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನರಾದರು.