ತೋಳ ನೋಡಲು ಅತ್ತೆಯ ಜೊತೆ

ಕಾರವಾರದಲ್ಲಿದ್ದಷ್ಟು ಕಾಲ ಒಂದು ಭಾನುವಾರವೂ ಮನೆಯಲ್ಲಿ ಕೂತ ನೆನಪು ನನಗಿಲ್ಲ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡನದು ಸರ್ಕಾರಿ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಚಹಾ ಕುಡಿದು ಹೊರಬಿದ್ದರೆ ಒಂದು ವಾರ ಕಾಳಿ ನದಿ ಸಮುದ್ರ ಸೇರುವ ಕಡೆಗೆ, ದೋಣಿಯಲ್ಲಿ ಕೂತು ಡಾಲ್ಫಿನ್ ಬೆನ್ನು ಕಂಡೀತೇ ಎಂದು ಕಾಯಲು. ಇನ್ನೊಂದು ವಾರ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕೆಸರಲ್ಲಿ ಏಡಿಗಳ ಓಡಾಟ ನೋಡಲು. ಮಳೆ ನಿಂತ ಮೇಲೆ ಘಟ್ಟದ ಬುಡಕ್ಕೆ, ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿಹೋಗುವ ಸದ್ದು ಕೇಳಲು. ನಾನು ಹುಟ್ಟಿ ಬೆಳೆದದ್ದು ಯಲಬುರ್ಗಾದಲ್ಲಿ. ಕಪ್ಪು ಮಣ್ಣಿನ ಹೊಲ ಬಿಟ್ಟು ಬೇರೆ ನೋಡದವಳಿಗೆ ಅಲ್ಲಿ ಹೊಸ ಕಣ್ಣು ತೆರೆದಂತಾಗಿತ್ತು.

ಆಮೇಲೆ ಇಬ್ಬರಿಗೂ ಕೊಪ್ಪಳಕ್ಕೆ ವರ್ಗವಾಯಿತು. ಗಂಡನಿಗೆ ತನ್ನ ಜಿಲ್ಲೆಗೆ ಮರಳಿದ ಖುಷಿ. ಕುಷ್ಟಗಿಯಲ್ಲಿ ಮೈದುನನ ಮನೆಯಲ್ಲಿದ್ದ ಅತ್ತೆಯೂ ನಮ್ಮ ಜೊತೆ ಇರಲು ಬಂದರು. ಎಲ್ಲರೂ ನೆಮ್ಮದಿಯಾಗಿದ್ದರು, ನನ್ನೊಬ್ಬಳ ಕಾಲು ಮಾತ್ರ ನಿಲ್ಲಲೊಲ್ಲದು. ಭಾನುವಾರ ಬಂತೆಂದರೆ ಮಾಳಿಗೆ ಹತ್ತುವುದು, ಇಳಿಯುವುದು, ಅಡುಗೆಮನೆಯ ಡಬ್ಬಿಗಳನ್ನು ಸುಮ್ಮನೆ ಇಳಿಸಿ ಮತ್ತೆ ಜೋಡಿಸುವುದು. ನಾಲ್ಕೂ ಕಡೆ ಬಂಡೆಗುಡ್ಡ. ಬಿಸಿಲಿಗೆ ಅವುಗಳ ಮೇಲಿನ ಗಾಳಿ ಕೂಡ ನಡುಗುತ್ತಿತ್ತು.

"ಇಲ್ಲೇನೈತಿ ನೋಡಾಕ? ಕಲ್ಲು ಅದಾವ, ನೋಡು," ಎಂದು ಗಂಡ ನಕ್ಕರು.

ನಾನು ಹಟಕ್ಕೆ ಬಿದ್ದವಳಂತೆ ಸುತ್ತಲು ಶುರುಮಾಡಿದೆ. ವಿರೂಪಾಪುರಗಡ್ಡೆಯ ಕಡೆ ಹೋಗಿ ನೀರುನಾಯಿಗಾಗಿ ಹೊಳೆಯ ಬಂಡೆಯ ಮೇಲೆ ಕೂತೆ. ಬಂಡೆಯ ಮೇಲೆ ಮೀನಿನ ಪೊರೆ ಒಣಗಿತ್ತು, ಅಂದರೆ ಅವು ಬಂದುಹೋಗುವ ಜಾಗವೇ. ಆದರೂ ಸ್ವಲ್ಪ ಹೊತ್ತಿಗೆ ಮನಸ್ಸು, ಇಲ್ಲಿಗಿಂತ ಮೇಲಿನ ಮಡುವಿನಲ್ಲಿ ಇರಬಹುದೇನೋ ಎಂದಿತು. ಎದ್ದು ಅಲ್ಲಿಗೆ ಹೋದೆ. ಅಲ್ಲಿ ಕೂತಾಗ ಗಂಗಾವತಿ ಕಡೆಯ ಗುಡ್ಡದಲ್ಲಿ ಕರಡಿ ಇಳಿಯುವ ಹೊತ್ತಾಯಿತಲ್ಲ ಎನ್ನಿಸಿತು. ಹಾಗೆ ಒಂದೇ ದಿನ ಮೂರು ಕಡೆ ಓಡಿ, ಏನೂ ಕಾಣದೆ, ಮೈಯೆಲ್ಲ ಧೂಳು ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಇಟಗಿಗೆ ಹೋದಾಗಲಂತೂ ಗುಡಿಯೊಳಗೆ ಕಾಲಿಡದೆ ಹಿಂದಿನ ಹೊಲದಲ್ಲಿ ನೆಲಗುಬ್ಬಿಗಳ ಬೆನ್ನು ಹತ್ತಿದ್ದೆ. ದೇವರ ದರ್ಶನ ಮಾಡದೆ ಬಂದೆಯಾ ಎಂದು ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು.

ಚಳಿಗಾಲ ಶುರುವಾದಾಗ, ಕುಷ್ಟಗಿ ದಾರಿಯ ಬಯಲಿನಲ್ಲಿ ತೋಳ ಓಡಾಡುತ್ತಿವೆ ಎಂದು ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಶನಿವಾರ ಸಂಜೆ ನಾನು ದುರ್ಬೀನು ಒರೆಸುತ್ತ ಕೂತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ನಾಳಿ ಎಲ್ಲಿಗವಾ ಸವಾರಿ?"

"ತೋಳ ನೋಡಾಕ ಹೊಂಟೀನ್ರಿ ಅತ್ತಿ."

ಅವರ ಕೈ ನಿಂತಿತು. "ಏನಂದಿ?"

"ತೋಳ ರೀ. ಬಯಲಾಗ ಅದಾವಂತ."

"ನಿನಗೇನರ ತಲಿ ಸರಿ ಐತಿಲ್ಲೋ? ಹುಲಿ ನೋಡಾಕ ಹೋಗ್ತಾರ, ಆನಿ ನೋಡಾಕ ಹೋಗ್ತಾರ. ಅದನ್ನೇನ್ ನೋಡ್ತಿ?" ಎಂದು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿಬಿಟ್ಟರು. ಅವರು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಮದುವೆಯಾಗುವ ತನಕ ಹಿಂಡಿನ ಹಿಂದೆಯೇ ತಿರುಗಿದವರು ಎಂಬುದು ನನಗೆ ಗೊತ್ತಿತ್ತು. ಅದರಾಚೆಗೆ ಅವರು ಏನನ್ನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮರುದಿನ ಇನ್ನೂ ಮಬ್ಬಿರುವಾಗ ನಾನು ಕಾರು ತೆಗೆಯಲು ಹೋದರೆ ಅತ್ತೆ ಶಾಲು ಹೊದ್ದು, ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಒಬ್ಬಾಕೀನ ಹೋಗಬ್ಯಾಡ," ಎಂದರು, ಅಷ್ಟೆ.

ಬಯಲು ಸೇರುವ ಹೊತ್ತಿಗೆ ಬೆಳಕು ಹರಿದಿತ್ತು. ಮಣ್ಣಿನ ದಾರಿಯ ಪಕ್ಕ ಕಾರು ನಿಲ್ಲಿಸಿದೆ. ಒಣಗಿದ ಹುಲ್ಲು, ಅಲ್ಲಲ್ಲಿ ಬಾರಿ ಹಣ್ಣಿನ ಮುಳ್ಳುಗಿಡ, ದೂರದಲ್ಲಿ ಒಂದು ಕುರಿ ಹಿಂಡು. ನಮಗಿಂತ ಮುಂಚೆಯೇ ಒಂದು ಜೀಪು ಬಂದು ನಿಂತಿತ್ತು. ಅದರೊಳಗೆ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಇಬ್ಬರು. ಸುಮ್ಮನಿರಿ ಎಂದು ಬೆರಳು ತುಟಿಗಿಟ್ಟು ಸನ್ನೆ ಮಾಡಿದರು.

ಸ್ವಲ್ಪ ಹೊತ್ತು ಕಾದೆ. ಮತ್ತೆ ಅದೇ ಚಡಪಡಿಕೆ. ಆ ದಿಬ್ಬದಾಚೆ ಇರಬಹುದು, ಇಲ್ಲ ಕೆರೆಯ ಕಡೆ ಇರಬಹುದು, ಇಲ್ಲಿ ಕೂತು ಬೆಳಗು ಹಾಳಾಗುತ್ತಿದೆ. ಕಾರಿನ ಕೀಲಿಗೆ ಕೈ ಹಾಕಿದೆ.

"ಮತ್ತೆಲ್ಲಿಗೆ?" ಎಂದರು ಅತ್ತೆ.

"ಆ ಕಡೆ ನೋಡೋಣ್ರಿ."

"ಈಗರ ಬಂದೀವಿ. ನಿನಗೇನು ಇರಿವಿ ಕಡಿಯಾಕತ್ತಾವೇನು?"

ನಗು ಬಂತು. ಕೀಲಿ ಬಿಟ್ಟೆ. ಅಷ್ಟರಲ್ಲೇ ಜೀಪಿನವನೊಬ್ಬ ಕ್ಯಾಮೆರಾ ಎತ್ತಿದ. ಅವನು ಗುರಿಯಿಟ್ಟ ದಿಕ್ಕಿಗೆ ದುರ್ಬೀನು ತಿರುಗಿಸಿದೆ. ಹುಲ್ಲಿನ ಬಣ್ಣದ್ದೇ ಒಂದು ಪ್ರಾಣಿ, ತಲೆ ತಗ್ಗಿಸಿಕೊಂಡು ಅವಸರವಿಲ್ಲದೆ ನಡೆದು ಬರುತ್ತಿತ್ತು. ಉದ್ದ ಕಾಲು. ಒಮ್ಮೆ ನಿಂತು ಗಾಳಿ ಮೂಸಿತು.

"ಅತ್ತಿ, ಅಲ್ಲಿ ನೋಡ್ರಿ," ಎಂದು ಪಿಸುಗುಟ್ಟಿದೆ.

ಅವರು ನೋಡಿದರು. ಮರುಕ್ಷಣ ಕಾರಿನ ಬಾಗಿಲು ತೆರೆದ ಸದ್ದು. ನಾನು ತಿರುಗುವಷ್ಟರಲ್ಲಿ ಮೊಣಕಾಲು ನೋವಿನ ನನ್ನ ಅತ್ತೆ ದಾರಿಗಿಳಿದು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು. "ಹೋ! ಹೋ! ಹೋಯ್! ತ್ವಾಳ ಬಂತೋ! ತ್ವಾಳಾ!" ಅಂಥ ದನಿ ಅವರ ಗಂಟಲಲ್ಲಿತ್ತೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಬಯಲಿಗೆ ಬಯಲೇ ಕೇಳುವಂಥದ್ದು. ದೂರದ ಹಿಂಡಿನಲ್ಲಿ ನಾಯಿಗಳು ಬೊಗಳತೊಡಗಿದವು. ತೋಳ ಒಮ್ಮೆ ನಮ್ಮ ಕಡೆ ನೇರ ನೋಡಿತು. ಆಮೇಲೆ ಅಲ್ಲಿ ಹುಲ್ಲು ಬಿಟ್ಟು ಏನೂ ಇರಲಿಲ್ಲ.

ಜೀಪಿನಿಂದ ಇಬ್ಬರೂ ಇಳಿದು ಬಂದರು.

"ಏನಜ್ಜಿ ಹಿಂಗ್ ಮಾಡಿಬಿಟ್ರಿ! ಮೂರು ದಿನದಿಂದ ಕಾಯ್ತಾ ಇದೀವಿ ನಾವು!"

ಅತ್ತೆ ಏದುಸಿರು ಬಿಡುತ್ತಿದ್ದರು. "ಕುರಿ ಕಡೆ ಹೊಂಟಿತ್ತಪಾ ಅದು. ಕಾಣಲಿಲ್ಲೇನು ನಿಮಗ?"

"ನಿಮ್ಮ ಕುರೀನಾ ಅವು?"

"ಯಾರವಾದ್ರೇನು?"

ನಾನು ಕೈಮುಗಿದು ಕ್ಷಮೆ ಕೇಳಿ ಅತ್ತೆಯನ್ನು ಕಾರಿಗೆ ಹತ್ತಿಸಿದೆ. ನಾಚಿಕೆಯಿಂದ ಮುಖ ಸುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಇಷ್ಟು ತಿಂಗಳು ಅಲೆದದ್ದಕ್ಕೆ ಕೊನೆಗೂ ಒಂದು ಕಂಡಿತ್ತು, ಅದನ್ನೂ ಓಡಿಸಿಬಿಟ್ಟರಲ್ಲ. ಹೊಂಡ ನೋಡದೆ ಕಾರು ಓಡಿಸಿದೆ. ಡಾಂಬರು ರಸ್ತೆ ಬಂದ ಮೇಲೆ ಪಕ್ಕಕ್ಕೆ ನೋಡಿದರೆ, ಅವರು ಇನ್ನೂ ಕತ್ತು ತಿರುಗಿಸಿ ಹಿಂದಿನ ಬಯಲನ್ನೇ ನೋಡುತ್ತಿದ್ದರು. ಕಾರು ನಿಲ್ಲಿಸಿ ನೀರು ಕೊಟ್ಟೆ. ಕುಡಿದು ಸೆರಗಿನಿಂದ ಬಾಯೊರೆಸಿಕೊಂಡರು.

"ಸಿಟ್ಟಾಗಬ್ಯಾಡವಾ. ತಡಕೊಳ್ಳಾಕ ಆಗಲಿಲ್ಲ."

"ಇರಲಿ ಬಿಡ್ರಿ."

"ನಾ ಸಣ್ಣಾಕಿದ್ದಾಗ ನನ್ನ ಕಣ್ಣ ಮುಂದ ತ್ವಾಳ ಒಂದು ಮರಿ ಒಯ್ತು. ನಾನ ಹಾಲು ಕುಡಿಸಿ ಬೆಳಸಿದ್ದು, ತಾಯಿ ಸತ್ತಿತ್ತು ಅದರದು. ನಮ್ಮಪ್ಪ ಅಲ್ಲೇ ಹಳ್ಳದಾಗ ಇದ್ದ. ಕೂಗಿದ್ರ ಓಡಿ ಬರ್ತಿದ್ದ. ಬಾಯಿ ತಗದೆ, ದನೀನ ಬರಲಿಲ್ಲ ನೋಡು. ಮರಿ ನನ್ನ ಕಡೀನ ನೋಡ್ಕೋತ ಹೋತು."

ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಮತ್ತೆ ಹೇಳಿದರು: "ಅಪ್ಪ ಬೈಲಿಲ್ಲ. ಬೈದಿದ್ರ ಛಲೋ ಇತ್ತು."

ರೊಟ್ಟಿಯ ಗಂಟು ಬಿಚ್ಚಿದೆ. ಶೇಂಗಾ ಹಿಂಡಿ ಹಚ್ಚಿಕೊಂಡು ಕಾರಿನಲ್ಲೇ ತಿಂದೆವು. ಲಾರಿಗಳು ಹೋದಾಗಲೆಲ್ಲ ಕಾರು ಅಲುಗಾಡುತ್ತಿತ್ತು. ನನ್ನ ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದರೆ ಮುಂದಿನ ಶನಿವಾರ ಅತ್ತೆಯೇ ಕೇಳಿದರು, "ನಾಳಿ ಹೋಗೂದೈತೇನು? ಈ ಸಲ ಒದರೂದಿಲ್ಲ."

ಆ ಭಾನುವಾರ ತೋಳ ಕಾಣಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಹುಲ್ಲಿನ ಮೇಲೆ ಹಾರುವ ಗಿಡುಗ, ಒಮ್ಮೆ ನರಿ, ಒಮ್ಮೆ ಮುಂಗುಸಿ. ಕೂತು ಕೂತು ಬೇಸರವಾದರೆ ಅತ್ತೆ ತಮ್ಮ ತವರಿನ ಕುರಿಗಳ ಹೆಸರು ಹೇಳುತ್ತಿದ್ದರು. ಒಂದು ಬೆಳಿಗ್ಗೆ, ನಾನು ಎಂದಿನಂತೆ ಇಳಿದು ಕಾಲಾಡಿಸಿ ಬಂದು ಕೂತದ್ದೇ ತಡ, ತೋಳವೊಂದು ಬಾರಿ ಗಿಡದ ಮರೆಯಿಂದ ಹೊರಬಂದು ನಮ್ಮ ಮುಂದೆಯೇ ದಾರಿ ದಾಟತೊಡಗಿತು. ನಾನು ಅದನ್ನು ನೋಡಲೋ ಅತ್ತೆಯನ್ನು ನೋಡಲೋ ತಿಳಿಯದೆ ಒದ್ದಾಡಿದೆ. ಅವರು ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದರು. ಕಣ್ಣು ಅಗಲವಾಗಿದ್ದವು. ಇನ್ನೊಂದು ಕೈ ನನ್ನ ರಟ್ಟೆಯನ್ನು ಹಿಂಡುತ್ತಿತ್ತು. ತೋಳ ದಾಟಿ, ಆಚೆ ಬದಿಯಲ್ಲಿ ನಿಂತು, ಹಿಂಗಾಲಿನಿಂದ ಕಿವಿ ಕೆರೆದುಕೊಂಡು ಹೋಯಿತು.

ಅತ್ತೆ ಸೆರಗು ತೆಗೆದರು. "ಬಡವಾಗೇತಿ," ಎಂದರು. "ಹೊಟ್ಟಿ ಬೆನ್ನಿಗೆ ಹತ್ತೇತಿ ನೋಡು." ಅವರ ಮುಖದಲ್ಲಿದ್ದದ್ದು ಕನಿಕರವೋ ಹಳೆಯ ಭಯವೋ, ನನಗೆ ಇವತ್ತಿಗೂ ಹೇಳಲು ಬಾರದು. ನನ್ನ ರಟ್ಟೆಯ ಮೇಲೆ ಅವರ ಬೆರಳಿನ ಗುರುತು ಸಂಜೆಯ ತನಕ ಇತ್ತು.

ಈಗ ಮೊಣಕಾಲು ನೋವು ಹೆಚ್ಚಾಗಿ ಅವರಿಗೆ ಕಾರಿನಲ್ಲಿ ತುಂಬಾ ಹೊತ್ತು ಕೂರಲಾಗುವುದಿಲ್ಲ. ನಾನು ಒಬ್ಬಳೇ ಹೋಗುತ್ತೇನೆ. ಕಾರವಾರದ ಉಪ್ಪುಗಾಳಿ ಈಗಲೂ ಒಮ್ಮೊಮ್ಮೆ ಪಾಠ ಮಾಡುವಾಗಲೇ ನೆನಪಾಗಿ, ಕಿಟಕಿಯ ಹೊರಗೆ ಸುಮ್ಮನೆ ನೋಡುತ್ತ ನಿಂತುಬಿಡುತ್ತೇನೆ. ಮಕ್ಕಳು ಕೆಮ್ಮಿ ಎಚ್ಚರಿಸುತ್ತಾರೆ. ಕಳೆದ ಭಾನುವಾರ ಹಿರೇಹಳ್ಳದ ಹಿನ್ನೀರಿಗೆ ಹೋಗಿದ್ದೆ. ಚಳಿಗಾಲದ ಹೆಬ್ಬಾತುಗಳು ಇಳಿದಿವೆ ಎಂದು ಕೇಳಿದ್ದೆ. ನೀರಿನ ಆಚೆ ದಡದಲ್ಲಿ ಅವು ಇದ್ದಂತೆಯೂ ಕಂಡಿತು, ಇಲ್ಲದಂತೆಯೂ ಕಂಡಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇನ್ನಷ್ಟು ಕಾಯಬಹುದಿತ್ತು. ಆದರೆ ಆಚೆ ದಡಕ್ಕೆ ದಾರಿ ಇದೆಯೆಂದು ದನ ಹೊಡೆದುಕೊಂಡು ಬಂದವರು ಹೇಳಿದ್ದೇ ತಡ, ಚಪ್ಪಲಿ ಮೆಟ್ಟಿ ಕಾರಿನ ಕಡೆ ಹೊರಟೆ.