ಮೈ ಹೇಳಿತು ಎಂದು ನಾನು ಹೇಳಿದ್ದು

ಗಿರಿಜಮ್ಮನವರೇ, ಅಂದು ನಿಮ್ಮ ಕೈ ತಾನಾಗಿ ಬೀಳಲಿಲ್ಲ. ಬೀಳಿಸಿದವನು ನಾನು. ಅದಕ್ಕಿಂತ ದೊಡ್ಡ ತಪ್ಪೆಂದರೆ — ಅದು ಗೊತ್ತಾದ ಮೇಲೂ ಎಂಟು ವರ್ಷ ನಿಮ್ಮಿಂದ ಮುಚ್ಚಿಟ್ಟೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ವಾರದ ಶಿಬಿರದಲ್ಲಿ ಕಲಿತ ವಿದ್ಯೆಯನ್ನು ನಂಬಿ, ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಿಕಿತ್ಸೆಗೆ ಕೂತಿದ್ದೆ. ಒಂದು ಕೈಯಲ್ಲಿ ಔಷಧಿ ಹಿಡಿಸಿ, ಚಾಚಿದ ಇನ್ನೊಂದು ತೋಳನ್ನು ಮೇಲಿನಿಂದ ಒತ್ತುವುದು. ತೋಳು ಗಟ್ಟಿಯಾಗಿ ನಿಂತರೆ ಔಷಧಿ ಮೈಗೆ ಒಗ್ಗುತ್ತದೆ, ಕುಸಿದರೆ ಒಗ್ಗದು — ಅಷ್ಟೇ ನನ್ನ ಶಾಸ್ತ್ರ. ನೀವು ಸಿದ್ಧಾರ್ಥನಗರದಿಂದ ಥೈರಾಯ್ಡ್ ಮಾತ್ರೆಯ ಡಬ್ಬಿ ಹಿಡಿದು ಬಂದಿರಿ. ದಿನಾ ನುಂಗುವುದು ಬೇಜಾರು ಎಂದಿರಿ. ಡಾಕ್ಟರ ಮಾತ್ರೆಗಳೆಂದರೆ ನನಗೂ ಆಗುತ್ತಿರಲಿಲ್ಲ. ಒತ್ತಿದೆ. ಕೈ ಕುಸಿಯಿತು.

"ಈ ಮಾತ್ರೆ ನಿಮ್ ಮೈಗೆ ಒಗ್ತಾ ಇಲ್ಲ ಕಣಮ್ಮ, ಬಿಟ್ಬುಡಿ."

ಬಿಟ್ಟೇಬಿಟ್ಟಿರಿ. ಮೂರು ತಿಂಗಳ ಮೇಲೆ ಬಂದಾಗ ಮುಖ ಊದಿತ್ತು, ದನಿ ಒಡೆದಿತ್ತು. ನಮ್ಮ ಮನೆಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತಿರಿ. ನೀವು ಹೋದ ಕೂಡಲೇ, ನನ್ನ ಪರೀಕ್ಷೆ ನಿಜವೇ ನೋಡೋಣವೆಂದು, ನನ್ನ ಹೆಂಡತಿ ನೀವು ನಮ್ಮಲ್ಲೇ ಬಿಟ್ಟುಹೋಗಿದ್ದ ಮಾತ್ರೆಗಳನ್ನೂ ಕಲ್ಲುಸಕ್ಕರೆಯನ್ನೂ ಒಂದೇ ತರಹದ ಪೊಟ್ಟಣಗಳಲ್ಲಿ ಕಟ್ಟಿ, ಕಲೆಸಿ ತಂದಳು. ಒಂದೊಂದನ್ನೇ ಹಿಡಿದು ತೋಳು ಚಾಚಿದಳು, ನಾನು ಒತ್ತಿದೆ. ಒಮ್ಮೆ ಕೈ ಬೀಳಿಸಿದ ಪೊಟ್ಟಣವೇ ಮತ್ತೊಮ್ಮೆ ನಿಲ್ಲಿಸಿತು.

"ಒಳಗೇನಿದೆ ಅಂತ ನಿಮಗೆ ಗೊತ್ತಿದ್ರೆ ಮಾತ್ರ ಸರಿಯಾಗಿ ಬೀಳುತ್ತೆ ಕಣ್ರೀ" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನವೇ ನಿಮ್ಮನ್ನು ಕರೆಸಿದೆ. ನಿಜ ಹೇಳಬೇಕೆಂದೇ ಕರೆಸಿದ್ದು — ನಿಮ್ಮನ್ನು ಕಂಡಾಗ ನನ್ನ ಮರ್ಯಾದೆಯೇ ದೊಡ್ಡದಾಯಿತು. ಅದೇ ಮಾತ್ರೆಯನ್ನು ಕೈಗಿಟ್ಟು, ಎರಡೇ ಬೆರಳಲ್ಲಿ ಒತ್ತಿದ ಹಾಗೆ ಮಾಡಿದೆ. ತೋಳು ನಿಂತಿತು. "ಈಗ ಮೈ ಒಪ್ಕೊಂಡಿದೆ, ಇವತ್ತೇ ಡಾಕ್ಟ್ರನ್ನ ನೋಡಿ ಶುರು ಮಾಡಿ" ಅಂದೆ. ನೀವು ಚೇತರಿಸಿಕೊಂಡಿರಿ. ಗುಣ ಮಾಡಿದ್ದು ಮಾತ್ರೆ. ಹಣ್ಣಿನ ತಟ್ಟೆ ತಂದು ಕೈಮುಗಿದದ್ದು ನನಗೆ. ಕೆಲವೇ ದಿನದಲ್ಲಿ ಭುಜನೋವೆಂದು ಹೇಳಿ ಚಿಕಿತ್ಸೆ ನಿಲ್ಲಿಸಿದೆ. ಅದೂ ಸುಳ್ಳೇ.

ಇವತ್ತು ಬೆಳಿಗ್ಗೆ ನಿಮ್ಮ ಫೋನ್ ಬಂತು. ಮೂರು ತಿಂಗಳ ಬಸುರಿ ಮಗಳಿಗೆ ಡಾಕ್ಟರು ಅದೇ ಮಾತ್ರೆ ಬರೆದಿದ್ದಾರಂತೆ. "ನಿಮ್ ಭುಜನೋವು ಗೊತ್ತು, ಆದ್ರೂ ನೀವು ಒಂದ್ಸಲ ಒತ್ತಿ ನೋಡೋವರ್ಗೂ ತಗೋಬೇಡ ಅಂದಿದೀನಿ ಕಣ್ರೀ" ಅಂದಿರಿ. ಈಗಲೇ ಕೊಡಿ, ಡಾಕ್ಟರು ಹೇಳಿದ್ದಾರಲ್ಲ ಎಂದೆ. "ನೀವ್ ಹೇಳಿದ್ಮೇಲೆ ಆಯ್ತು" ಅಂದಿರಿ — ಅಲ್ಲೂ ಮತ್ತೆ ನನ್ನ ಮಾತೇ ಮೇಲಾಯಿತು. ನಾಳೆ ಇನ್ಯಾವುದೋ ಮಾತ್ರೆ ಬರೆದರೆ...

ಅದಕ್ಕೇ ಬರೆದೆ. ಬಾಯಲ್ಲಿ ಹೇಳಹೋದರೆ ಮತ್ತೆ ನುಣುಚಿಕೊಂಡೇನು. ಈ ಕಾಗದ ಹಿಡಿದು ಈಗಲೇ ನಿಮ್ಮ ಮನೆಗೆ ಹೊರಟಿದ್ದೇನೆ. ನೀವು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರುತ್ತೇನೆ. ಬೈಯಿರಿ, ಇನ್ನು ಈ ಕಡೆ ಬರಬೇಡಿ ಅನ್ನಿ — ಅದು ನಿಮಗೆ ಬಿಟ್ಟದ್ದು. ಮಗಳಿಗೆ ಮಾತ್ರ ತಿಳಿಸಿ: ಮಾತ್ರೆಯ ವಿಷಯ ಡಾಕ್ಟರನ್ನು ಕೇಳಲಿ, ನನಗೆ ಅದು ಎಂದೂ ಗೊತ್ತಿರಲಿಲ್ಲ. ಕೂಸು ಸುಖವಾಗಿ ಹುಟ್ಟಿದ ಸುದ್ದಿ ಬೇರೆ ಯಾರಿಂದಲೋ ಕಿವಿಗೆ ಬಿದ್ದರೂ ನನಗೆ ಸಾಕು.